ಆಸ್ಪತ್ರೆಯ ಮೆಟ್ಟಿಲು: ಹೊತ್ತು ತರುವ ಕಾಲದಿಂದ ಹಕ್ಕಿನ ಕಾಲದವರೆಗೆ



ನಿಮ್ಮ ಊರಿನ ಆಸ್ಪತ್ರೆಯ ಮುಂಬಾಗಿಲಿಗೆ ಎಷ್ಟು ಮೆಟ್ಟಿಲುಗಳಿವೆ? ಥಟ್ಟನೆ ಹೇಳಬಲ್ಲಿರಾ? ನಮ್ಮಲ್ಲಿ ಹೆಚ್ಚಿನವರು ಹೇಳಲಾರರು. ಸಲೀಸಾಗಿ ಹತ್ತಿ ಹೋಗುವವರು ಮೆಟ್ಟಿಲನ್ನು ಎಣಿಸುವುದಿಲ್ಲ. ಎಣಿಸುವವರು ಬೇರೆ ಇದ್ದಾರೆ. ಊರುಗೋಲು ಹಿಡಿದ ಹುಡುಗ, ಮಂಡಿ ಸವೆದ ಅಜ್ಜಿ, ಗಾಲಿಕುರ್ಚಿಯಲ್ಲಿ ಕುಳಿತ ರೈತ, ತಂದೆಯನ್ನು ಬೆನ್ನ ಮೇಲೆ ಹೊತ್ತು ತಂದ ಮಗ, ಇವರಿಗೆ ಆ ಸಂಖ್ಯೆ ಸರಿಯಾಗಿ ನೆನಪಿರುತ್ತದೆ.

ಚರಿತ್ರೆಯ ಪುಸ್ತಕಗಳಲ್ಲಿ ಆಸ್ಪತ್ರೆಗಳ ಪ್ರಸ್ತಾಪ ಬರುತ್ತದೆ. ಯಾರು ಅಡಿಗಲ್ಲು ಹಾಕಿದರು, ಯಾರು ಉದ್ಘಾಟಿಸಿದರು ಎಂಬ ವಿವರ ದೊರೆಯುತ್ತದೆ. ಕಟ್ಟಿದ ಮೇಲೆ ಅದರ ಒಳಕ್ಕೆ ಯಾರು ಹೋಗಬಲ್ಲವರಾಗಿದ್ದರು, ಯಾರು ಹೊರಗೇ ಉಳಿದರು ಎಂಬ ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಿ ನೋಡೋಣ. ಈ ಸೀಮೆಯನ್ನೇ ಏಕೆ ಆರಿಸಿಕೊಂಡೆವು ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಪದಗಳ ವಿಚಾರ. ನಮ್ಮ ಹಿರಿಯರು ಕುರುಡ, ಕುಂಟ, ಮೂಗ ಎಂದು ನೇರವಾಗಿ ಕರೆಯುತ್ತಿದ್ದರು. ಅನೇಕ ವೇಳೆ ಅದೇ ಆ ವ್ಯಕ್ತಿಯ ಹೆಸರೂ ಆಗಿಬಿಡುತ್ತಿತ್ತು. ಆಮೇಲೆ 'ಅಂಗವಿಕಲ' ಎಂಬ ಮಾತು ಬಂತು. ಈಗ ಸರ್ಕಾರಿ ಕಾಗದಪತ್ರಗಳಲ್ಲಿ 'ವಿಕಲಚೇತನ' ಎಂದಿದೆ. ಇದನ್ನು ಗೌರವದ ಪದವೆಂದೇ ಬಳಕೆಗೆ ತಂದದ್ದು. ಆದರೆ ಬಿಡಿಸಿ ನೋಡಿದರೆ ಚೇತನವೇ ವಿಕಲವಾಗಿದೆ ಎಂಬ ಅರ್ಥ ಹೊರಡುತ್ತದೆ. ಅಂಗ ಮಾತ್ರ ವಿಕಲ ಎನ್ನುವ ಹಳೆಯ ಪದವೇ ಇದಕ್ಕಿಂತ ವಾಸಿಯೇನೋ ಎನಿಸುವುದುಂಟು. ರೂಢಿಗೆ ಬಂದಿರುವುದರಿಂದ ಇಲ್ಲಿ ವಿಕಲಚೇತನ ಎಂದೇ ಬಳಸೋಣ.

ಈಗ ಹಿಂದಕ್ಕೆ ಹೋಗೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಸಂಸ್ಥಾನದ ಊರುಗಳಲ್ಲಿ ಪಾಶ್ಚಾತ್ಯ ವೈದ್ಯಪದ್ಧತಿಯ ಚಿಕಿತ್ಸಾಲಯಗಳು ಒಂದೊಂದಾಗಿ ತೆರೆದವು. ಜನ ಅವನ್ನು 'ಧರ್ಮಾಸ್ಪತ್ರೆ' ಎಂದು ಕರೆದರು. ಹಣ ಕೊಡಬೇಕಾಗಿಲ್ಲ, ಧರ್ಮಕ್ಕೆ ಔಷಧಿ ಕೊಡುತ್ತಾರೆ ಎಂಬುದು ಆ ಹೆಸರಿನ ಅರ್ಥ. ಬೆಂಗಳೂರಿನಲ್ಲಿ 1896ರಲ್ಲಿ ಕಣ್ಣಿನ ಚಿಕಿತ್ಸೆಗೆಂದೇ ಆಸ್ಪತ್ರೆ ಆರಂಭವಾಯಿತು. ಅದೇ ಇಂದಿನ ಮಿಂಟೋ ಕಣ್ಣಾಸ್ಪತ್ರೆ. 1897ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. 1900ರ ಡಿಸೆಂಬರಿನಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದನು. ಆ ವೇಳೆಗಾಗಲೇ ತಿಪಟೂರಿಗೆ ರೈಲು ಬಂದಿತ್ತು. ಕೊಬ್ಬರಿ ಮೂಟೆ ಹೋಗುವ ದಾರಿಯಲ್ಲಿಯೇ ರೋಗಿಯೂ ಸುಮಾರು 140 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬಹುದಾಗಿತ್ತು.

ಈ ಕಾಲದ ಕಟ್ಟಡಗಳನ್ನು ಗಮನಿಸಿ. ಎತ್ತರದ ಪಾಯ, ಉದ್ದನೆಯ ಜಗಲಿ, ದೊಡ್ಡ ಕಂಬಗಳು, ಮುಂದೆ ಸಾಲು ಮೆಟ್ಟಿಲು. ಇದು ಕೇವಲ ಅಂದಕ್ಕಾಗಿ ಮಾಡಿದ್ದಲ್ಲ. ನೆಲದ ತೇವದಿಂದಲೂ ಕೊಳೆತ ವಸ್ತುಗಳ ಕೆಟ್ಟ ಗಾಳಿಯಿಂದಲೂ ರೋಗ ಹುಟ್ಟುತ್ತದೆ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ವೈದ್ಯರಲ್ಲಿ ಬಲವಾಗಿತ್ತು. ರೋಗಿಗಳನ್ನು ನೆಲದಿಂದ ಮೇಲೆತ್ತಿ, ಸುತ್ತ ಗಾಳಿಯಾಡುವಂತೆ ಇಡಬೇಕು ಎಂಬುದು ಅಂದಿನ ಶಾಸ್ತ್ರ. ರೋಗಾಣುಗಳ ವಿಷಯ ತಿಳಿದ ಮೇಲೆ ಆ ಸಿದ್ಧಾಂತ ಬಿದ್ದುಹೋಯಿತು. ಎತ್ತರದ ಪಾಯ ಮಾತ್ರ ಅಭ್ಯಾಸಬಲದಿಂದ ಉಳಿದುಕೊಂಡಿತು. ರೋಗಿಯ ಹಿತಕ್ಕಾಗಿಯೇ ಹುಟ್ಟಿದ ಮೆಟ್ಟಿಲು ರೋಗಿಗೇ ಅಡ್ಡವಾದ ವಿಚಿತ್ರ ಇದು.

ಸರ್ಕಾರಕ್ಕೆ ಆಗ ವಿಕಲಚೇತನರ ಅರಿವೇ ಇರಲಿಲ್ಲವೇ? ಇತ್ತು. 1881ರಿಂದ 1931ರವರೆಗಿನ ಜನಗಣತಿಗಳಲ್ಲಿ ಕುರುಡರು, ಕಿವುಡು-ಮೂಗರು, ಬುದ್ಧಿವಿಕಲರು, ಕುಷ್ಠರೋಗಿಗಳು ಎಂದು ನಾಲ್ಕು ಬಗೆಯವರನ್ನು ಬೇರೆಯಾಗಿ ಎಣಿಸಿದ್ದಾರೆ. ಕಾಲಿಲ್ಲದವರನ್ನು ಎಣಿಸಲಿಲ್ಲ! 1941ರಿಂದ ಈ ಎಣಿಕೆಯನ್ನೇ ಕೈಬಿಟ್ಟರು. ಸ್ವತಂತ್ರ ಭಾರತದಲ್ಲಿ ಅದು ಮರಳಿ ಬಂದದ್ದು 1981ರಲ್ಲಿ. ವಿಶ್ವಸಂಸ್ಥೆ ಆ ವರ್ಷವನ್ನು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಸಾರಿತ್ತು. 1991ರಲ್ಲಿ ಮತ್ತೆ ಬಿಟ್ಟು, 2001ರಲ್ಲಿ ಮತ್ತೆ ಸೇರಿಸಿದರು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಲೆಕ್ಕ ಹಿಡಿಯುವ ಕೆಲಸವೇ ಇಷ್ಟು ತಡವರಿಸಿದ ಮೇಲೆ ಕಟ್ಟಡ ಕಟ್ಟುವವರ ಕಣ್ಣಿಗೆ ಇವರು ಬೀಳದಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ನಡೆಯಲಾರದವರು ಆಸ್ಪತ್ರೆಗೆ ಹೇಗೆ ಬರುತ್ತಿದ್ದರು? ಹೊತ್ತು ತರುತ್ತಿದ್ದರು. ಬೆನ್ನ ಮೇಲೆ, ಕಂಬಳಿಯ ಜೋಲಿಯಲ್ಲಿ, ಹೊರಸಿನ ಮೇಲೆ, ಎತ್ತಿನ ಗಾಡಿಯಲ್ಲಿ. ಮನೆಯವರು, ನೆಂಟರು, ಕೇರಿಯವರು ಕೈಜೋಡಿಸುತ್ತಿದ್ದರು. ಈ ಮಮತೆಯನ್ನು ಹಗುರವಾಗಿ ಕಾಣಬಾರದು. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಹೊರುವವರಿಗೆ ಬಿಡುವಾದಾಗ ಮಾತ್ರ ಆಸ್ಪತ್ರೆ. ಸುಗ್ಗಿಯ ದಿನಗಳಲ್ಲಿ, ಕಾಯಿ ಕೀಳುವ ದಿನಗಳಲ್ಲಿ, "ಇನ್ನೆರಡು ದಿನ ತಡಿ, ಹೋಗೋಣ" ಎಂಬ ಮಾತು. ಮದುವೆಯಾಗಿ ಬಂದ ಹೆಣ್ಣುಮಗಳು ತನಗೆ ಮೂತ್ರದ ತೊಂದರೆ ಇದೆಯೆಂದು ಹೇಳಿಕೊಳ್ಳಬೇಕಾದರೆ ಮೊದಲು ತನ್ನನ್ನು ಹೊರುವ ಮೈದುನನಿಗೆ ಹೇಳಬೇಕು! ಹೇಳದೆ ಸುಮ್ಮನಾದವರು ಎಷ್ಟು ಮಂದಿಯೋ. ಹೊರುವವರಿಲ್ಲದ ಒಂಟಿ ಜೀವಗಳ ಮಾತಂತೂ ಬೇರೆಯೇ.

ತೆಂಗಿನ ಸೀಮೆಗೆ ಬರೋಣ. ಈ ಮೂರು ತಾಲ್ಲೂಕುಗಳ ಬದುಕು ಮರದ ತುದಿಯಲ್ಲಿದೆ. 'ತಿಪಟೂರು ಟಾಲ್' ಎಂದು ತೋಟಗಾರಿಕೆ ತಜ್ಞರು ಗುರುತಿಸಿರುವ ಇಲ್ಲಿನ ಎತ್ತರದ ತಳಿ ಐವತ್ತು, ಅರವತ್ತು ಅಡಿ ಬೆಳೆಯುತ್ತದೆ. ಬಲಿತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟರೆ ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಯ ಹೆಸರು ದೇಶದ ಉದ್ದಗಲಕ್ಕೂ ಹರಡಿರುವುದು ಈ ಕೊಬ್ಬರಿಯಿಂದಲೇ. ಇದನ್ನೆಲ್ಲ ನೀವು ಬಲ್ಲಿರಿ. ಮರ ಗಿಡ್ಡವಾಗಿರುವಷ್ಟು ಕಾಲ ದೋಟಿಯಿಂದ ಕಾಯಿ ಕೀಳಬಹುದು. ದೋಟಿಗೆ ಎಟುಕದಷ್ಟು ಬೆಳೆದ ಮೇಲೆ ಮನುಷ್ಯ ಹತ್ತಬೇಕು. ಹತ್ತುವವರು ಎಂದೋ ಒಮ್ಮೆ ಬೀಳುತ್ತಾರೆ. ಮಳೆಯಿಂದ ಕಾಂಡ ಜಾರಿದಾಗ, ಒಣ ಗರಿಯನ್ನು ನಂಬಿ ಹಿಡಿದಾಗ.

ಐವತ್ತಡಿಯಿಂದ ಬಿದ್ದವನ ಬೆನ್ನುಮೂಳೆ ಮುರಿಯುವುದು ಸಾಮಾನ್ಯ. ದಕ್ಷಿಣ ಭಾರತದ ಹಳ್ಳಿಗಾಡಿನಲ್ಲಿ ಬೆನ್ನುಹುರಿಯ ಪೆಟ್ಟಿಗೆ ಮರದಿಂದ ಬೀಳುವುದು ಒಂದು ಮುಖ್ಯ ಕಾರಣ. ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ ಎಂಬುದು ನಿಮಗೆ ಜೀವಶಾಸ್ತ್ರದ ಪಾಠದಿಂದ ತಿಳಿದಿದೆ. ಮೂಳೆ ಕೂಡಿಕೊಳ್ಳುತ್ತದೆ. ಅದರ ಒಳಗೆ ಹಾದುಹೋಗುವ, ಕಿರುಬೆರಳಿನಷ್ಟು ದಪ್ಪದ ನರಗಳ ಕಂತೆ ಕಡಿದುಹೋದರೆ ಮತ್ತೆ ಕೂಡುವುದಿಲ್ಲ. ಮೂಳೆ ಮುರಿದು ಅಲುಗಾಡುತ್ತಿರುವಾಗ ಬಿದ್ದವನನ್ನು ಅವಸರದಿಂದ ಎತ್ತಿ, ಕಂಬಳಿಯ ಜೋಲಿಯಲ್ಲಿ ಮಡಿಸಿ ಹೊತ್ತರೆ ಏನಾದೀತು? ಉಳಿದಿದ್ದ ನರವೂ ಮೂಳೆಯ ಚೂರಿಗೆ ಸಿಕ್ಕಿ ನಾಶವಾಗಬಹುದು. ಪ್ರೀತಿಯಿಂದ ಹೊತ್ತ ಕೈಗಳೇ ಆತನ ಕಾಲುಗಳನ್ನು ಶಾಶ್ವತವಾಗಿ ಕಿತ್ತುಕೊಳ್ಳುವ ದುರಂತ ಹೀಗೆ ಸಂಭವಿಸುತ್ತದೆ. ಬಿದ್ದವನನ್ನು ಕೂರಿಸಬಾರದು, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಮೂರು ನಾಲ್ಕು ಮಂದಿ ಒಟ್ಟಿಗೆ ಹಿಡಿದು ಗಟ್ಟಿ ಹಲಗೆಯ ಮೇಲೆ ಮಲಗಿಸಬೇಕು ಎಂಬ ತಿಳಿವಳಿಕೆ ತೋಟದ ಕೆಲಸಗಾರರಿಗೆ ಮೊದಲೇ ತಲುಪಬೇಕಾಗಿತ್ತು. ಕರ್ನಾಟಕದಲ್ಲಿ 108 ಸಂಖ್ಯೆಯ ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯು ಹತ್ತುವ ಯಂತ್ರದ ತರಬೇತಿಯನ್ನೂ 'ಕೇರ ಸುರಕ್ಷಾ' ಎಂಬ ವಿಮೆಯನ್ನೂ ತಂದದ್ದು ಇನ್ನೂ ಈಚಿನ ಮಾತು.

ಬೆನ್ನುಹುರಿಗೆ ಪೆಟ್ಟಾದವನು ಆಸ್ಪತ್ರೆಗೆ ಒಂದು ಸಲ ಹೋಗಿ ಬಂದರೆ ಮುಗಿಯುವುದಿಲ್ಲ. ಸೊಂಟದ ಕೆಳಗೆ ಸ್ಪರ್ಶವಿಲ್ಲದ ಕಾರಣ ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಚರ್ಮ ಕೊಳೆತು ಹುಣ್ಣಾಗುತ್ತದೆ. ಆತನಿಗೆ ನೋವೇ ತಿಳಿಯದು. ಮೂತ್ರಕೋಶ ತಾನಾಗಿ ಬರಿದಾಗದೆ ಸೋಂಕು ತಗಲಿ ಮೂತ್ರಪಿಂಡಕ್ಕೆ ಏರುತ್ತದೆ. ಒಂದಾನೊಂದು ಕಾಲಕ್ಕೆ ಇಂಥವರು ಸಾಯುತ್ತಿದ್ದದ್ದು ಬಿದ್ದ ಪೆಟ್ಟಿನಿಂದಲ್ಲ, ಈ ಹುಣ್ಣು ಮತ್ತು ಸೋಂಕಿನಿಂದ. ಜಗತ್ತಿನ ಯಾವ ದೇಶದಲ್ಲಿಯೂ ಇದಕ್ಕೆ ಭಿನ್ನವಾದ ಸ್ಥಿತಿ ಇರಲಿಲ್ಲ. 1944ರಲ್ಲಿ, ಎರಡನೆಯ ಮಹಾಯುದ್ಧ ನಡೆಯುತ್ತಿರುವಾಗಲೇ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ ಬೆನ್ನುಹುರಿ ಚಿಕಿತ್ಸಾ ಕೇಂದ್ರವೊಂದು ಆರಂಭವಾಯಿತು. ಅದರ ಮುಖ್ಯಸ್ಥ ಲುಡ್ವಿಗ್ ಗುಟ್‌ಮನ್, ನಾಜಿಗಳ ಕಾಟಕ್ಕೆ ಜರ್ಮನಿಯನ್ನು ಬಿಟ್ಟು ಬಂದ ಯಹೂದಿ ನರತಜ್ಞ. ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಪ್ರತಿಯೊಬ್ಬ ರೋಗಿಯ ಮಗ್ಗುಲನ್ನು ಬದಲಿಸಲೇಬೇಕು ಎಂದು ಆತ ಹಟ ಹಿಡಿದ. ಔಷಧಿಗಿಂತ ಈ ಶಿಸ್ತು ಹೆಚ್ಚು ಜೀವಗಳನ್ನು ಉಳಿಸಿತು. ಆಮೇಲೆ ಅವರನ್ನು ಗಾಲಿಕುರ್ಚಿಗೆ ಏರಿಸಿ ಬಿಲ್ಲುಬಾಣದ ಆಟಕ್ಕೆ ಹಚ್ಚಿದ. 1948ರ ಜುಲೈ 29ರಂದು ಆಸ್ಪತ್ರೆಯ ಅಂಗಳದಲ್ಲಿ ನಡೆದ ಆ ಪಂದ್ಯವೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. ನೆರೆಯ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರು 2012ರಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದದ್ದು ಇದೇ ಕ್ರೀಡಾಕೂಟದಲ್ಲಿ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವರು ಒಬ್ಬ ಹೆಣ್ಣುಮಗಳು, ಡಾ. ಮೇರಿ ವರ್ಗೀಸ್. ಕೇರಳದಲ್ಲಿ ಹುಟ್ಟಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯೆಯಾದವರು. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಬಲ ಕಳೆದುಕೊಂಡರು. ವೈದ್ಯವೃತ್ತಿ ಮುಗಿಯಿತೆಂದೇ ಎಲ್ಲರೂ ಭಾವಿಸುವ ಸ್ಥಿತಿ. ಕುಷ್ಠರೋಗಿಗಳ ಮಡಚಿಕೊಂಡ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ವಿಧಾನವನ್ನು ಆಗ ಅಲ್ಲಿ ಡಾ. ಪಾಲ್ ಬ್ರಾಂಡ್ ಬೆಳೆಸುತ್ತಿದ್ದರು. ಕೈಯ ಶಸ್ತ್ರಚಿಕಿತ್ಸೆಗೆ ನಿಲ್ಲಬೇಕಾಗಿಲ್ಲ, ಕುಳಿತೇ ಮಾಡಬಹುದು! ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕುಳಿತು ಆ ಕೆಲಸ ಕಲಿತರು. ಬಳಿಕ ಅಮೆರಿಕದಲ್ಲಿ ಪುನರ್ವಸತಿ ವೈದ್ಯಶಾಸ್ತ್ರದ ತರಬೇತಿ ಪಡೆದು ಮರಳಿ ಬಂದರು. ಅವರ ನೇತೃತ್ವದಲ್ಲಿ 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ಆರಂಭವಾಯಿತು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ವಿದ್ಯಾರ್ಥಿಗಳೇ, ಇಲ್ಲೊಂದು ಸೂಕ್ಷ್ಮವಿದೆ. ಗಾಲಿಕುರ್ಚಿಯಲ್ಲಿರುವವರು ಆಸ್ಪತ್ರೆಗೆ ರೋಗಿಯಾಗಿ ಮಾತ್ರ ಬರುತ್ತಾರೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ವೈದ್ಯರಾಗಿ, ದಾದಿಯಾಗಿ, ಔಷಧಿ ವಿತರಕರಾಗಿ ಬರಬಹುದು ಎಂದು ಕಟ್ಟಡದ ನಕ್ಷೆ ಬರೆಯುವಾಗ ಎಷ್ಟು ಮಂದಿಗೆ ಹೊಳೆಯುತ್ತದೆ?

ಗಾಲಿಕುರ್ಚಿಗೂ ಒಂದು ಚರಿತ್ರೆಯಿದೆ. ಹರ್ಬರ್ಟ್ ಎವರೆಸ್ಟ್ ಎಂಬ ಅಮೆರಿಕದ ಗಣಿ ಎಂಜಿನಿಯರು ಗಣಿ ಕುಸಿದು ಬೆನ್ನು ಮುರಿದುಕೊಂಡವನು. ತನ್ನ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆಗೂಡಿ 1930ರ ದಶಕದಲ್ಲಿ ಆತ ಮಡಚುವ ಗಾಲಿಕುರ್ಚಿಯನ್ನು ರೂಪಿಸಿದ. ಕಾರಿನಲ್ಲಿ ಇಟ್ಟು ಒಯ್ಯಬಹುದಾದ ಕುರ್ಚಿ. ನಮ್ಮ ಹಳ್ಳಿಗಳಿಗೆ ಬಂದದ್ದು ಹೆಚ್ಚಾಗಿ ಇನ್ನೊಂದು ಸಾಧನ, ಕೈಯಿಂದ ತುಳಿಯುವ ಮೂರು ಗಾಲಿಯ ಸೈಕಲ್ಲು. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಸರ್ಕಾರಿ ಉದ್ಯಮವೊಂದು ಇವನ್ನು ತಯಾರಿಸುತ್ತ ಬಂದಿದೆ. ಪೋಲಿಯೊ ತಗಲಿದ ಎಷ್ಟೋ ಯುವಕರಿಗೆ ಇದೇ ಕಾಲು. ಪೋಲಿಯೊ ಈಗಿಲ್ಲ; ದೇಶದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. ಆದರೆ ಹಿಂದೆ ಅದಕ್ಕೆ ತುತ್ತಾದವರು ಇಂದು ನಡುವಯಸ್ಸಿನಲ್ಲಿದ್ದಾರೆ. ಈ ಸೈಕಲ್ಲಿಗೆ ಮಣ್ಣಿನ ರಸ್ತೆ ಒಗ್ಗುತ್ತದೆ, ಬಾಗಿಲು ಒಗ್ಗುವುದಿಲ್ಲ. ಅದು ಅಗಲ, ಒಳಗೆ ತಿರುಗದು. ನಾಲ್ಕು ಮೈಲಿ ಸ್ವಂತ ತೋಳ್ಬಲದಿಂದ ಬಂದವನು ಆಸ್ಪತ್ರೆಯ ಬಾಗಿಲಿನಲ್ಲಿ ಇಳಿದು ತೆವಳಬೇಕು. ಬಾಗಿಲಿನಲ್ಲಿ ಒಂದು ಗಾಲಿಕುರ್ಚಿ, ಅದನ್ನು ತಂದುಕೊಡುವ ಒಬ್ಬ ನೌಕರ, ಇಷ್ಟೇ ಇದಕ್ಕೆ ಪರಿಹಾರ. ಅನೇಕ ಕಡೆ ಆ ಕುರ್ಚಿಯನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿರುತ್ತಾರೆ, ಹಾಳಾದೀತೆಂದು!

ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಬಾರದೇಕೆ? ಕರ್ನಾಟಕದಲ್ಲಿ ಹೀಗೆ ಯೋಚಿಸಿ ಬಾಳೆಲ್ಲ ಅದನ್ನೇ ಮಾಡಿದವರು ಡಾ. ಎಂ.ಸಿ. ಮೋದಿ. ಬಿಜಾಪುರ ಸೀಮೆಯ ಬೀಳಗಿಯವರು. ಕಣ್ಣಿನ ಪೊರೆ ಬಂದವರಿಗೆ ಹಳ್ಳಿಗಳಲ್ಲಿಯೇ ಶಿಬಿರ ಹೂಡಿ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡುವ ಕೆಲಸವನ್ನು 1943ರಲ್ಲಿ ಆರಂಭಿಸಿದರು. ಸಾಲಾಗಿ ಮೇಜುಗಳು, ಒಂದರಿಂದ ಇನ್ನೊಂದಕ್ಕೆ ವೈದ್ಯರೇ ಸರಿಯುತ್ತ ಹೋಗುವುದು. 1993ರ ಫೆಬ್ರವರಿಯವರೆಗೆ 46,120 ಹಳ್ಳಿಗಳಿಗೆ ಭೇಟಿ ನೀಡಿ 6,10,564 ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದರೆಂದೂ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದುಂಟೆಂದೂ ಗಿನ್ನೆಸ್ ದಾಖಲೆ ಪುಸ್ತಕ ಹೇಳುತ್ತದೆ. 2005ರಲ್ಲಿ ತೀರಿಕೊಂಡರು. ಕಣ್ಣು ಕಾಣದವನಿಗೆ ಬಸ್ಸು ಹಿಡಿಯುವುದು, ದೊಡ್ಡಾಸ್ಪತ್ರೆಯ ಹತ್ತು ಕಿಟಕಿಗಳ ಮುಂದೆ ಚೀಟಿ ಹಿಡಿದು ಅಲೆಯುವುದು ಎಷ್ಟು ಕಷ್ಟವೆಂದು ಅವರಷ್ಟು ಚೆನ್ನಾಗಿ ಅರಿತ ವೈದ್ಯರು ವಿರಳ. ಆದರೆ ಶಿಬಿರ ಬಂದು ಹೋಗುವಂಥದು. ಅದು ಹೋದ ಮೇಲೆ ಕಣ್ಣು ಕೆಂಪಾದರೆ ಯಾರ ಬಳಿ ಹೋಗುವುದು? ಮುಂದೆ ಕಣ್ಣಿನೊಳಗೆ ಮಸೂರವನ್ನೇ ಕೂರಿಸುವ ವಿಧಾನ ಬಂದಾಗ ಅದಕ್ಕೆ ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿ ಬೇಕಾಯಿತು. ತಪಾಸಣೆ ಹಳ್ಳಿಯಲ್ಲಿ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ ಎಂಬ ಪದ್ಧತಿ 1990ರ ದಶಕದಿಂದ ಬಲಗೊಂಡಿತು. ಅಂದರೆ ಕಣ್ಣು ಕಾಣದವರು ಮತ್ತೆ ಆಸ್ಪತ್ರೆಯ ಮೆಟ್ಟಿಲಿನ ಮುಂದೆಯೇ ಬಂದು ನಿಂತರು.

ಕಿವುಡರ ಕಷ್ಟ ಮೆಟ್ಟಿಲಿನದಲ್ಲ, ಮಾತಿನದು. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಎಂ. ಶ್ರೀನಿವಾಸರಾಯರು ಕಿವುಡರಿಗೂ ಅಂಧರಿಗೂ ಶಾಲೆ ತೆರೆದಿದ್ದರು. ಅದೇ ಊರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. ಇಷ್ಟಿದ್ದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಸರದಿ ಕೂಗುವುದು ಹೆಸರು ಹಿಡಿದೇ. ಕೇಳದವರ ಸರದಿ ದಾಟಿಹೋಗುತ್ತದೆ. "ಎಲ್ಲಿ ನೋವು? ಎಂದಿನಿಂದ?" ಎಂಬ ಪ್ರಶ್ನೆಗೆ ಉತ್ತರವನ್ನು ಜೊತೆಗೆ ಬಂದ ತಮ್ಮನೋ ಅತ್ತೆಯೋ ಹೇಳುತ್ತಾರೆ. ಅವರು ಹೇಳಿದ್ದೇ ರೋಗ! 2020ರ ಕೊರೊನಾ ಕಾಲದಲ್ಲಿ ಎಲ್ಲರೂ ಮುಖಗವಸು ಹಾಕಿದಾಗ ತುಟಿಯ ಚಲನೆ ನೋಡಿ ಮಾತು ತಿಳಿಯುತ್ತಿದ್ದವರಿಗೆ ಅದೂ ಮುಚ್ಚಿಹೋಯಿತು. ಸನ್ನೆಭಾಷೆ ಬಲ್ಲ ಒಬ್ಬರು, ಅವರೂ ಇಲ್ಲದಿದ್ದರೆ ಚಿತ್ರಗಳಿರುವ ಒಂದು ಹಲಗೆ, ಸರದಿಯ ಸಂಖ್ಯೆಯನ್ನು ತೋರಿಸುವ ಒಂದು ಫಲಕ, ಇವು ದುಬಾರಿಯ ವಸ್ತುಗಳಲ್ಲ.

ಇನ್ನು ಕಾನೂನಿನ ಚರಿತ್ರೆ. ಬೆಂಗಳೂರಿನಲ್ಲಿ 1959ರಲ್ಲಿ, ತಾವೇ ಪೋಲಿಯೊಗೆ ತುತ್ತಾಗಿದ್ದ ಎನ್.ಎಸ್. ಹೇಮಾ ಅವರು ವಿಕಲಚೇತನರ ಸಂಘವೊಂದನ್ನು ಕಟ್ಟಿದರು. ಇಂಥ ಸಂಘಗಳು ದೇಶದ ಹಲವೆಡೆ ಬೆಳೆದವು. ಅಮೆರಿಕದಲ್ಲಿ 1990ರಲ್ಲಿ ವಿಕಲಚೇತನರ ಹಕ್ಕಿನ ಕಾಯಿದೆ ಬಂದಾಗ ಇಲ್ಲಿಯೂ ಒತ್ತಾಯ ಬಲವಾಯಿತು. ಗಾಲಿಕುರ್ಚಿಯನ್ನೇ ಅವಲಂಬಿಸಿದ್ದ ಜಾವೇದ್ ಅಬಿದಿಯವರ ಮುಂದಾಳತ್ವದಲ್ಲಿ 1995ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪ್ರದರ್ಶನ ನಡೆಯಿತು. ಅದೇ ತಿಂಗಳು ಸಂಸತ್ತು ಅಂಗವಿಕಲರ ಕಾಯಿದೆಯನ್ನು ಅಂಗೀಕರಿಸಿತು. ಆಸ್ಪತ್ರೆಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಳಿಜಾರು ದಾರಿ ಇರಬೇಕೆಂದು ಅದರ 46ನೆಯ ಕಲಮು ಹೇಳಿತು. ಸಂತೋಷದ ಮಾತೇ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿತ್ತು: ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ! ಮದುವೆಮನೆಯ ಮುಯ್ಯಿಯಂತೆ, ಯಥಾಶಕ್ತಿ. ಧರ್ಮಾಸ್ಪತ್ರೆಯ ಕಾಲದ ಮನೋಭಾವ ಕಾನೂನಿನ ಭಾಷೆಯಲ್ಲಿ ಹೀಗೆ ಉಳಿದುಕೊಂಡಿತ್ತು. ಕೊಡುವವನ ಶಕ್ತಿ ಎಷ್ಟೆಂದು ಕೊಡುವವನೇ ತೀರ್ಮಾನಿಸುವುದಾದರೆ ಕೇಳುವವನಿಗೆ ಉಳಿಯುವುದೇನು?

2007ರಲ್ಲಿ ಭಾರತ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಅದಕ್ಕೆ ಅನುಗುಣವಾಗಿ 2016ರಲ್ಲಿ ಹೊಸ ಕಾಯಿದೆ ಬಂತು. ಅದರ 25ನೆಯ ಕಲಮು ಸರ್ಕಾರಿ ಮತ್ತು ಖಾಸಗಿ ಎರಡೂ ಬಗೆಯ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ತಡೆಯಿಲ್ಲದ ಪ್ರವೇಶವನ್ನೂ, ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆಯನ್ನೂ ನೀಡಬೇಕೆನ್ನುತ್ತದೆ. 'ಎಲ್ಲ ಭಾಗಗಳಿಗೂ' ಎಂಬುದನ್ನು ಗಮನಿಸಿ. ಮುಂಬಾಗಿಲಿಗೆ ಇಳಿಜಾರು ಕಟ್ಟಿ, ಶೌಚಾಲಯಕ್ಕೆ ಎರಡು ಮೆಟ್ಟಿಲು ಬಿಟ್ಟರೆ ಕಾನೂನು ಪಾಲಿಸಿದಂತಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮಗಳು ಹೊರಟಂದಿನಿಂದ ಐದು ವರ್ಷಗಳ ಗಡುವನ್ನು ಕಾಯಿದೆ ಕೊಟ್ಟಿತ್ತು. ನಿಯಮಗಳು ಹೊರಟದ್ದು 2017ರ ಜೂನ್‌ನಲ್ಲಿ. ಗಡುವು 2022ರಲ್ಲಿ ಕಳೆಯಿತು. ರಾಜೀವ್ ರಾತುರಿ ಎಂಬ ದೃಷ್ಟಿವಿಕಲರು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ನಿರ್ದೇಶನಗಳನ್ನು ನೀಡಿತು. ಅದೇ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಇನ್ನೂ ಮುಂದೆ ಹೋಗಿ, ಅಳತೆಗಳನ್ನು ಕೇವಲ ಮಾರ್ಗಸೂಚಿಗಳ ರೂಪದಲ್ಲಿ ಬಿಟ್ಟಿದ್ದ ನಿಯಮ ಮೂಲ ಕಾಯಿದೆಗೆ ವಿರುದ್ಧವೆಂದು ಸಾರಿತು. ಕನಿಷ್ಠ ಮಟ್ಟದ ಅಳತೆಗಳನ್ನು ಕಡ್ಡಾಯವಾಗಿ ನಿಗದಿಪಡಿಸಬೇಕೆಂದಿತು.

ಅಳತೆ ಎಂದರೆ ಏನು ಎಂಬುದನ್ನು ಲೆಕ್ಕದಿಂದಲೇ ನೋಡೋಣ, ಏಕೆಂದರೆ ತಪ್ಪುವುದು ಇಲ್ಲಿಯೇ. ಇಳಿಜಾರು ದಾರಿ ಒಂದಕ್ಕೆ ಹನ್ನೆರಡರ ಪ್ರಮಾಣಕ್ಕಿಂತ ಕಡಿದಾಗಿರಬಾರದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರಾರು ಅಂಗುಲದ ಐದು ಮೆಟ್ಟಿಲುಗಳಿವೆ ಎನ್ನಿ. ಒಟ್ಟು 30 ಅಂಗುಲ. ಹನ್ನೆರಡರಿಂದ ಗುಣಿಸಿದರೆ 360 ಅಂಗುಲ, ಅಂದರೆ 30 ಅಡಿ. ನಿಮ್ಮ ತೋಟದಲ್ಲಿ ಎರಡು ತೆಂಗಿನ ಮರಗಳ ನಡುವೆ ಬಿಡುವ ಅಂತರ ಹೆಚ್ಚು ಕಡಿಮೆ ಇಷ್ಟೇ. ಅಷ್ಟು ಜಾಗ ಬಿಡಲು ಮನಸ್ಸಿಲ್ಲದ ಕಂಟ್ರಾಕ್ಟರು ಹತ್ತಡಿಯಲ್ಲಿ ಮುಗಿಸುತ್ತಾನೆ. ಆಗ ಅದು ಇಳಿಜಾರಲ್ಲ, ಜಾರುಬಂಡೆ. ಗಾಲಿಕುರ್ಚಿಯವನು ತಾನಾಗಿ ಏರಲಾರ, ಇಳಿಯುವಾಗ ಮುಗ್ಗರಿಸುತ್ತಾನೆ. ಕೊನೆಗೆ ಅದು ಸಿಬ್ಬಂದಿಯ ಬೈಕು ಹತ್ತಿಸಲು ಉಪಯೋಗಕ್ಕೆ ಬರುತ್ತದೆ. ಬಾಗಿಲು ಮೂರು ಅಡಿ ಅಗಲವಿರಬೇಕು. ಕುರ್ಚಿ ಸುತ್ತ ತಿರುಗಲು ಐದು ಅಡಿ ಜಾಗ ಬೇಕು. ತಪಾಸಣೆಯ ಮಂಚ ಕುರ್ಚಿಯ ಮಟ್ಟಕ್ಕೆ ಇಳಿಯುವಂತಿರಬೇಕು. ಇಲ್ಲದಿದ್ದರೆ ವೈದ್ಯರು ಕುಳಿತಲ್ಲಿಯೇ ಮೇಲಿಂದ ಮೇಲೆ ನೋಡಿ ಮಾತ್ರೆ ಬರೆದು ಕಳುಹಿಸುತ್ತಾರೆ. ಆ ಮರ ಹತ್ತುವವನ ಬೆನ್ನ ಹಿಂದಿನ ಹುಣ್ಣು ಹೀಗೆ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ.

ಈಗ ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರೂ ವಿಕಲಚೇತನರೇ ಎಂಬುದು ವಿಶೇಷ. ಗೌರವಧನ ಕಡಿಮೆ, ಸುತ್ತಾಟ ಹೆಚ್ಚು. ಗುರುತಿನ ಚೀಟಿ ಮಾಡಿಸುವುದು, ಸಾಧನ ಸಲಕರಣೆ ಕೊಡಿಸುವುದು, ವೈದ್ಯಕೀಯ ಪ್ರಮಾಣಪತ್ರಕ್ಕೆ ಆಸ್ಪತ್ರೆಗೆ ಕರೆದೊಯ್ಯುವುದು ಇವರ ಕೆಲಸ. ಯಾವ ಆರೋಗ್ಯ ಕೇಂದ್ರದ ಯಾವ ಬಾಗಿಲು ಕಿರಿದು, ಯಾವ ಶೌಚಾಲಯಕ್ಕೆ ಹಿಡಿಗಂಬಿಯಿಲ್ಲ ಎಂಬುದನ್ನು ಎಂಜಿನಿಯರಿಗಿಂತ ಇವರು ಚೆನ್ನಾಗಿ ಬಲ್ಲರು. ಕಟ್ಟಡ ಮುಗಿದ ಮೇಲೆ ಬಿಲ್ಲು ಪಾಸು ಮಾಡುವ ಮೊದಲು ಇವರೊಬ್ಬರನ್ನು ಅದರೊಳಗೆ ಒಂದು ಸುತ್ತು ಹೋಗಿ ಬರಲು ಕೇಳಿದರೆ ಎಷ್ಟೋ ತಪ್ಪುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಕೊನೆಯದಾಗಿ, ಆಸ್ಪತ್ರೆಗೆ ಬರುವವರೆಲ್ಲ ರೋಗಿಗಳಲ್ಲ. ನಮ್ಮ ಕಡೆ ಒಬ್ಬರು ಮಲಗಿದರೆ ಹತ್ತು ಮಂದಿ ನೋಡಲು ಹೋಗುತ್ತಾರೆ. ಎಳನೀರು, ಬ್ರೆಡ್ಡು, ಊಟದ ಕ್ಯಾರಿಯರು ಹಿಡಿದು ಬರುವ ಈ ಸಾಲಿನಲ್ಲಿ ಕಣ್ಣು ಕಾಣದ ಅಜ್ಜಿಯೂ ಇರುತ್ತಾಳೆ. ಮೊಮ್ಮಗು ಹುಟ್ಟಿದೆ, ಮುಟ್ಟಿ ನೋಡಬೇಕು. ಬಾಗಿಲಿನಲ್ಲಿ ಬಿಟ್ಟವರು ಗಾಡಿ ನಿಲ್ಲಿಸಲು ಹೋಗಿದ್ದಾರೆ. ಯಾವ ಬಾಗಿಲು ಹೆರಿಗೆ ವಾರ್ಡಿನದು, ಯಾವುದು ಸುಟ್ಟಗಾಯದವರದು ಎಂದು ಗೋಡೆ ಹಿಡಿದು ನಡೆಯುವ ಆಕೆಗೆ ಹೇಗೆ ತಿಳಿಯಬೇಕು? ಬಾಗಿಲ ಪಕ್ಕದ ಗೋಡೆಯಲ್ಲಿ, ಕೈಗೆ ಎಟುಕುವ ಎತ್ತರದಲ್ಲಿ, ಉಬ್ಬು ಅಂಕಿ ಮತ್ತು ಬ್ರೈಲ್ ಅಕ್ಷರಗಳ ಫಲಕ ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಬ್ರೈಲ್ ಕಲಿಯದ ಅಜ್ಜಿಯೂ ಉಬ್ಬು ಅಂಕಿಯನ್ನು ಬೆರಳಿನಿಂದ ಗುರುತಿಸಬಲ್ಲಳು. ಕಲಿತ ಮೊಮ್ಮಗಳು ಬಂದರೆ ಓದಬಲ್ಲಳು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ಬ್ರೈಲ್ ಲಿಪಿ ರೂಪುಗೊಂಡು 1951ರಿಂದ ಬಳಕೆಯಲ್ಲಿದೆ. 'ಹೆರಿಗೆ ವಾರ್ಡ್' ಎಂಬ ಎರಡು ಪದಗಳನ್ನು ಅದರಲ್ಲಿ ಬರೆಯಲು ಅಂಗೈಯಗಲದ ಒಂದು ತಗಡು ಸಾಕು.